ರಾಯಚೂರಲ್ಲಿ ನಾಲ್ಕು ಲೀಟರ್ ಕುಡಿದರೂ ಒಂದಕ್ಕೆ ಹೋಗೋದು ಕಡಿಮೆ, ಮಡಿಕೇರಿಯಲ್ಲಿ ಯಾಕೆ ಪದೇ ಪದೇ?

ಬಿಸಿಲೂರ:
ಮೇ ತಿಂಗಳಲ್ಲಿ ರಾಯಚೂರಿನ ಮನೆಯಲ್ಲಿ ದಿನಕ್ಕೆ ನಾಲ್ಕು ಲೀಟರ್ ನೀರು ಸುಮ್ನೆ ಒಳಗೆ ಹೋಗುತ್ತದೆ, ಆದರೂ ಒಂದಕ್ಕೆ ಹೋಗುವುದು ಕಡಿಮೆ, ಹೋದರೂ ಕಡು ಹಳದಿ. ಡಿಸೆಂಬರ್‌ನಲ್ಲಿ ಮಡಿಕೇರಿಗೆ ಹೋದರೆ ಎರಡು ಲೋಟ ಕುಡಿಯುವಷ್ಟರಲ್ಲಿ ಓಡಬೇಕು. ಬಿಸಿಲಿಗೆ ಬೆವರು ಹೋಗುತ್ತದೆ, ಅದು ಗೊತ್ತು. ಆದರೆ ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ಬಿಡಬೇಕು ಅಂತ ತೀರ್ಮಾನ ಮಾಡೋದು ಯಾರು? ಕಿಡ್ನಿಯೇನಾ?

ಲ್ಯಾಬ್‌ಮನುಷ್ಯ:
ತೀರ್ಮಾನ ಮೆದುಳಿನದು, ಕೆಲಸ ಕಿಡ್ನಿಯದು. ಮೆದುಳಿನ ಹೈಪೋಥಲಮಸ್ ಅನ್ನೋ ಭಾಗದಲ್ಲಿ ರಕ್ತ ಎಷ್ಟು ಉಪ್ಪಾಗಿದೆ ಅಂತ ಗಮನಿಸುವ ಜೀವಕೋಶಗಳಿವೆ. ಶೇ. 1–2ರಷ್ಟು ಏರಿದರೂ ಅವಕ್ಕೆ ಗೊತ್ತಾಗುತ್ತದೆ. ಕೂಡಲೇ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ವಾಸೋಪ್ರೆಸಿನ್ ಅನ್ನೋ ಹಾರ್ಮೋನ್ ಬಿಡುಗಡೆಯಾಗುತ್ತದೆ, ಬಾಯಾರಿಕೆಯೂ ಶುರುವಾಗುತ್ತದೆ. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ, ಅದರಲ್ಲಿ ಹೆಚ್ಚಿನದನ್ನು ಹೇಗಿದ್ದರೂ ವಾಪಸ್ ಎಳೆದುಕೊಳ್ಳುತ್ತದೆ. ಕೊನೆಯ ನಾಳಗಳಲ್ಲಿ ಉಳಿದ ನೀರಿನ ವಿಷಯದಲ್ಲಿ ಮಾತ್ರ ಈ ಹಾರ್ಮೋನ್ ಮಾತು ನಡೆಯೋದು. ಅದು ಬಂದರೆ ಅಲ್ಲಿ ಅಕ್ವಾಪೊರಿನ್ ಅನ್ನುವ ನೀರಿನ ದಾರಿಗಳು ತೆರೆದುಕೊಂಡು ನೀರು ಮೈಗೆ ಮರಳುತ್ತದೆ, ಮೂತ್ರ ಗಟ್ಟಿಯಾಗುತ್ತದೆ. ಇವನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಚಳಿಯಲ್ಲಿ ಬೆವರು ಕಡಿಮೆ ಅನ್ನೋದು ಒಂದು ಕಾರಣ ಅಷ್ಟೇ. ಚರ್ಮದ ರಕ್ತನಾಳಗಳು ಸಂಕುಚಿತವಾಗಿ ರಕ್ತ ಒಳಭಾಗಕ್ಕೆ ಸರಿಯುತ್ತದೆ. ರಕ್ತ ಜಾಸ್ತಿಯಾಯಿತು ಅಂತ ಮೈ ತಿಳಿದುಕೊಂಡು ನೀರನ್ನು ಹೊರಗೆ ಹಾಕುತ್ತದೆ. ಅಂದಹಾಗೆ ಮದ್ಯ ವಾಸೋಪ್ರೆಸಿನ್ನನ್ನೇ ತಡೆಯುತ್ತದೆ, ಪಾರ್ಟಿಗಳಲ್ಲಿ ಟಾಯ್ಲೆಟ್ ಮುಂದೆ ಸಾಲು ಯಾಕೆ ಅಂತ ಗೊತ್ತಾಯ್ತಲ್ವಾ.

ಓಟದಹುಚ್ಚ:
ಹಾಗಾದರೆ ಎಷ್ಟು ಕುಡಿದರೂ ತೊಂದರೆ ಇಲ್ಲ, ಹೆಚ್ಚಾದದ್ದನ್ನು ಕಿಡ್ನಿ ಬಿಸಾಕುತ್ತದೆ, ಅಲ್ವಾ?

ಲ್ಯಾಬ್‌ಮನುಷ್ಯ:
ಇಲ್ಲ ಮಾರಾಯ್ರೆ, ಅದಕ್ಕೂ ಮಿತಿ ಇದೆ. ಗಂಟೆಗೆ ಸುಮಾರು 800 ಮಿಲಿಲೀಟರ್‌ನಿಂದ 1 ಲೀಟರ್ ಅಷ್ಟೇ ಹೊರಗೆ ಹಾಕಬಲ್ಲದು. ಓಡುವಾಗಂತೂ ದಣಿವು, ನೋವಿನಿಂದಾಗಿ ವಾಸೋಪ್ರೆಸಿನ್ ಸುಮ್ಮನಿರುವುದಿಲ್ಲ, ಹಾಗಾಗಿ ಇನ್ನೂ ಕಡಿಮೆ. ಅದಕ್ಕಿಂತ ವೇಗವಾಗಿ ಕುಡಿದರೆ ರಕ್ತದ ಸೋಡಿಯಂ ಲೀಟರ್‌ಗೆ 135 ಮಿಲಿಮೋಲ್‌ಗಿಂತ ಕೆಳಗಿಳಿಯುತ್ತದೆ, ತೀರಾ ಇಳಿದರೆ ಮೆದುಳು ಊದಿಕೊಂಡು ಪ್ರಾಣಕ್ಕೇ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ಬಾಯಾರಿದಾಗ ಕುಡಿಯಿರಿ, ಪಟ್ಟು ಹಿಡಿದು ಬಾಟಲಿ ಖಾಲಿ ಮಾಡಬೇಡಿ.

ಕೆರೆದಂಡೆ:
ಈ ಮಾತನ್ನು ವಯಸ್ಸಾದವರಿಗೆ ಹೇಳಬೇಡಿ. ಅವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ನಾವೇ ಆಗಾಗ ನೀರೋ ಮಜ್ಜಿಗೆಯೋ ಕೈಗೆ ಕೊಡಬೇಕು. ಹೃದಯ, ಕಿಡ್ನಿ ತೊಂದರೆ ಇದ್ದರೆ ಎಷ್ಟು ಕೊಡಬೇಕು ಅಂತ ಡಾಕ್ಟರನ್ನೇ ಕೇಳಿ.

ಬಿಸಿಲೂರ:
ಥ್ಯಾಂಕ್ಸ್. ಸಕ್ಕರೆ ಕಾಯಿಲೆಯವರು ಪದೇ ಪದೇ ಹೋಗೋದೂ ಈ ಹಾರ್ಮೋನ್ ಗಲಾಟೆನಾ?

ಲ್ಯಾಬ್‌ಮನುಷ್ಯ:
ಅಲ್ಲ. ರಕ್ತದಲ್ಲಿ ಸಕ್ಕರೆ ಸುಮಾರು 180 mg/dL ದಾಟಿದರೆ ಮೂತ್ರಕ್ಕೆ ಸೋರುತ್ತದೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ.