ಅಮೈಡ್ ತಯಾರಿಕೆಗೆ ಡಿಸಿಸಿ ಬಿಟ್ಟು ಬೇರೆ ದಾರಿ ಇದೆಯೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಎಂ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ 3-ಫೀನೈಲ್‌ಪ್ರೊಪಿಯಾನಿಕ್ ಆಮ್ಲ ಮತ್ತು ಬೆಂಜೈಲ್‌ಅಮೀನ್ ಸೇರಿಸಿ ಅಮೈಡ್ (ಆಮ್ಲ ಮತ್ತು ಅಮೀನ್ ನೀರು ಕಳೆದುಕೊಂಡು ಕೂಡಿ ಆಗುವ ಸಂಯುಕ್ತ) ತಯಾರಿಸುತ್ತಿದ್ದೇನೆ. ಡೈಕ್ಲೋರೋಮೀಥೇನ್‌ನಲ್ಲಿ ಡಿಸಿಸಿ (ಆಮ್ಲ ಮತ್ತು ಅಮೀನನ್ನು ಕೂಡಿಸುವ ಜೋಡಣಾ ಕಾರಕ) ಬಳಸಿದರೆ ಇಳುವರಿ ಚೆನ್ನಾಗಿಯೇ ಬರುತ್ತದೆ. ಆದರೆ ಅದರಿಂದ ಹುಟ್ಟುವ ಬಿಳಿ ಯೂರಿಯಾವನ್ನು (ಗೊಬ್ಬರದ್ದಲ್ಲ, ಡಿಸಿಸಿ ನೀರನ್ನು ಸೇರಿಸಿಕೊಂಡು ಆಗುವ ಉಪವಸ್ತು) ಎಷ್ಟು ಸಲ ಸೋಸಿದರೂ ಶುದ್ಧತೆ ಪರೀಕ್ಷಿಸುವ ಎನ್‌ಎಂಆರ್‌ನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಎಚ್‌ಎಟಿಯು ಎಂಬ ಇನ್ನೊಂದು ದುಬಾರಿ ಜೋಡಣಾ ಕಾರಕವನ್ನು ಕೊಳ್ಳುವಷ್ಟು ಹಣ ವಿಭಾಗದಲ್ಲಿಲ್ಲ. ಪರಿಸರಕ್ಕೂ ಕೈಗೂ ಹಗುರವಾದ ವಿಧಾನವಿದ್ದರೆ ತಿಳಿಸಿ.

ಉತ್ತರ: ಔಷಧ ಕಂಪನಿಗಳ ಪ್ರಕ್ರಿಯಾ ವಿಭಾಗದಲ್ಲಿ ಕೆಲಸ ಮಾಡಿದವನಾಗಿ ಹೇಳುವುದಾದರೆ, ನಿಮ್ಮ ಕಷ್ಟ ಇಡೀ ಉದ್ಯಮದ ಕಷ್ಟ. ಅಮೆರಿಕನ್ ಕೆಮಿಕಲ್ ಸೊಸೈಟಿಯ ಹಸಿರು ರಸಾಯನ ಸಂಸ್ಥೆಯಡಿ ಸೇರಿದ ಔಷಧ ಕಂಪನಿಗಳ ಕೂಟವು 2007ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಉತ್ತಮ ಕಾರಕ ಬೇಕಾದ ಕ್ರಿಯೆಗಳ ಪೈಕಿ ಅಮೈಡ್ ತಯಾರಿಕೆಗೇ ಮೊದಲ ಸ್ಥಾನ ಕೊಟ್ಟಿತ್ತು.

ಒಮ್ಮೆ ಲೆಕ್ಕ ಹಾಕಿ ನೋಡಿ. 0.1 ಮೋಲ್ ಪ್ರಮಾಣದಲ್ಲಿ ಪೂರ್ತಿ ಇಳುವರಿ ಬಂದರೆ ನಿಮಗೆ ಸಿಗುವ ಅಮೈಡ್ 23.9 ಗ್ರಾಂ, ಅದರ ಜೊತೆಗೆ ಹುಟ್ಟುವ ಯೂರಿಯಾ 22.4 ಗ್ರಾಂ. ಕ್ರಿಯೆಯಲ್ಲಿ ನಿಜವಾಗಿ ಹೊರಹೋಗಬೇಕಾದದ್ದು 1.8 ಗ್ರಾಂ ನೀರು ಮಾತ್ರ. ಎಚ್‌ಎಟಿಯು ಅಣುತೂಕ 380 ಆದ್ದರಿಂದ ಅದರ ಕಸ ಇನ್ನೂ ಹೆಚ್ಚು. ಹಣವಿಲ್ಲದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ನಿಮ್ಮ ಎರಡೂ ವಸ್ತುಗಳು ಶಾಖ ತಡೆಯುವಂಥವು, ಆಮ್ಲದಲ್ಲಿ ಕೈರಲ್ ಕೇಂದ್ರವೂ (ಅಣುವಿನ ಎಡ-ಬಲ ರೂಪಗಳಿಗೆ ಕಾರಣವಾಗುವ ಪರಮಾಣು) ಇಲ್ಲ. ಹಾಗಾಗಿ ಮೊದಲು ವೇಗವರ್ಧಕವಾಗಿ ಬೋರಿಕ್ ಆಮ್ಲವನ್ನೇ ಪ್ರಯತ್ನಿಸಿ; ಕೇರಂ ಬೋರ್ಡಿನ ಮೇಲೆ ಉದುರಿಸುವ ಪುಡಿಯೇ ಅದು, ಆದರೆ ಪ್ರಯೋಗಕ್ಕೆ ಶುದ್ಧ ದರ್ಜೆಯದನ್ನೇ ಬಳಸಿ. 15.0 ಗ್ರಾಂ ಆಮ್ಲ, 10.7 ಗ್ರಾಂ ಅಮೀನ್ ಮತ್ತು 5 ಮೋಲ್ ಶೇಕಡಾ, ಅಂದರೆ ಸುಮಾರು 0.3 ಗ್ರಾಂ ಬೋರಿಕ್ ಆಮ್ಲವನ್ನು ಟೊಲುಯಿನ್‌ಗೆ ಹಾಕಿ, ಡೀನ್–ಸ್ಟಾರ್ಕ್ ಉಪಕರಣ (ಕ್ರಿಯೆಯ ನೀರನ್ನು ಬೇರ್ಪಡಿಸಿ ಅಳೆಯುವ ಗಾಜಿನ ಕೊಳವೆ) ಜೋಡಿಸಿ ರಿಫ್ಲಕ್ಸ್ ಮಾಡಿ (ಆವಿ ತಣಿದು ಮರಳಿ ಬೀಳುವಂತೆ ಕುದಿಸಿ). ಆಮ್ಲಕ್ಕೆ ಅಮೀನ್ ಸೇರಿಸಿದ ಕೂಡಲೇ ಬಿಳಿ ಲವಣ ಗಟ್ಟಿಯಾಗಿ ಕೂರಬಹುದು. ಗಾಬರಿ ಬೇಡ, ಬಿಸಿಯಾದಂತೆ ಕರಗುತ್ತದೆ. ಅಳತೆಯ ಕೊಳವೆಯಲ್ಲಿ ನೀರು 1.8 ಮಿ.ಲೀ. ತಲುಪಿದರೆ ಕ್ರಿಯೆ ಮುಗಿದಂತೆ. ಅದನ್ನೂ ಮೀರಿದರೆ ನಿಮ್ಮ ಟೊಲುಯಿನ್ ಒದ್ದೆಯಿತ್ತೆಂದು ತಿಳಿಯಿರಿ. ಆದರೂ ಟಿಎಲ್‌ಸಿ (ಕ್ರಿಯೆ ಮುಗಿಯಿತೇ ಎಂದು ತೋರಿಸುವ ತೆಳುಪದರ ಪರೀಕ್ಷೆ) ನೋಡದೆ ನಿಲ್ಲಿಸಬೇಡಿ.

ಟೊಲುಯಿನ್ ಅಷ್ಟೇನೂ ಹಸಿರಲ್ಲ, ಬೋರಿಕ್ ಆಮ್ಲವೂ ಸಂತಾನಶಕ್ತಿಗೆ ಹಾನಿಕರವೆಂದು ಯುರೋಪಿನ ಅತಿ ಕಳವಳಕಾರಿ ರಾಸಾಯನಿಕಗಳ ಪಟ್ಟಿಯಲ್ಲಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಬೋರಿಕ್ ಆಮ್ಲ ಬೇಕಾಗುವುದು ಚಿಟಿಕೆಯಷ್ಟು, ಟೊಲುಯಿನ್ ಅನ್ನು ಬಟ್ಟಿ ಇಳಿಸಿ ಮತ್ತೆ ಬಳಸಬಹುದು. ಹೊಗೆಗೂಡಿನೊಳಗೇ ಕೆಲಸ ಮಾಡಿ.

ಇನ್ನೊಬ್ಬರ ಪ್ರಶ್ನೆ: ಸರ್, ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದು ಬಾಕ್ ರಕ್ಷಿತ (ಅಮೀನ್ ತುದಿಯನ್ನು ತಾತ್ಕಾಲಿಕವಾಗಿ ಮುಚ್ಚಿದ) ಫೀನೈಲ್‌ಅಲನೀನ್ ಮತ್ತು ಗ್ಲೈಸೀನ್ ಎಸ್ಟರ್. ಇದಕ್ಕೂ ಬೋರಿಕ್ ಆಮ್ಲ ಸಾಕೇ?

ಉತ್ತರ: ಬೇಡ. ಗಂಟೆಗಟ್ಟಲೆ ಟೊಲುಯಿನ್‌ನಲ್ಲಿ ಕುದಿಸಿದರೆ ರೇಸಿಮೀಕರಣದ (ಎಡ-ಬಲ ರೂಪಗಳು ಬೆರೆತುಹೋಗುವ) ಅಪಾಯವಿದೆ. ಗ್ಲೈಸೀನ್ ಎಸ್ಟರ್ ತನ್ನೊಂದಿಗೇ ಕೂಡಿ ಡೈಕೀಟೋಪಿಪರಜೀನ್ ಎಂಬ ಉಂಗುರ ಸಂಯುಕ್ತ ಆಗುವುದೂ ಉಂಟು. ಇಲ್ಲಿ ಡೈಕ್ಲೋರೋಮೀಥೇನ್ ಬಿಟ್ಟು ಈಥೈಲ್ ಅಸಿಟೇಟ್‌ನಲ್ಲಿ ಟಿ3ಪಿ ಎಂಬ ಜೋಡಣಾ ಕಾರಕ ಬಳಸಿ ನೋಡಿ. ಕಸ ಪೂರ್ತಿ ತಪ್ಪುವುದಿಲ್ಲ, ಆದರೆ ಅದು ನೀರಿನಲ್ಲಿ ಕರಗುವುದರಿಂದ ಎರಡು ತೊಳೆತಗಳಲ್ಲಿ ಹೊರಟುಹೋಗುತ್ತದೆ, ಕಾಲಮ್ ಹಾಕುವ (ಸಿಲಿಕಾ ತುಂಬಿದ ಕೊಳವೆಯಲ್ಲಿ ಹಾಯಿಸಿ ಶುದ್ಧೀಕರಿಸುವ) ಅಗತ್ಯ ಬಹಳ ಸಲ ಬೀಳುವುದಿಲ್ಲ. ಸಿಲಿಕಾ ಮತ್ತು ಕಾಲಮ್‌ನ ದ್ರಾವಕವನ್ನು ಲೆಕ್ಕಕ್ಕೆ ಹಿಡಿಯದೆ ಕಾರಕವೊಂದನ್ನೇ ನೋಡಿ ಹಸಿರು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಲಿಪ್‌ಶುಟ್ಜ್ ಅವರ ತಂಡ ವಿಟಮಿನ್ ಇ ಆಧಾರಿತ ಸರ್ಫ್ಯಾಕ್ಟಂಟ್ (ಸಾಬೂನಿನಂಥ ವಸ್ತು) ಅನ್ನು ನೀರಿಗೆ ಶೇ. 2ರಷ್ಟು ಬೆರೆಸಿ, ಅದರ ಅಣುಗಳು ಗುಂಪುಗೂಡಿ ಆಗುವ ಮೈಸೆಲ್‌ಗಳೊಳಗೇ ಪೆಪ್ಟೈಡ್ ಬಂಧ (ಅಮೈನೋ ಆಮ್ಲಗಳ ನಡುವಿನ ಅಮೈಡ್ ಬಂಧ) ಕಟ್ಟಿ ತೋರಿಸಿದೆ.

ಮಿಲ್‌ಸ್ಟೈನ್ ಎಂಬ ರಸಾಯನಶಾಸ್ತ್ರಜ್ಞರ 2007ರ ರುಥೇನಿಯಂ ಲೋಹ ವೇಗವರ್ಧಕದ ವಿಧಾನವನ್ನು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ: ಆಲ್ಕೋಹಾಲ್ ಮತ್ತು ಅಮೀನ್‌ನಿಂದ ಅಮೈಡ್ ಆಗಿ ಹೈಡ್ರೋಜನ್ ಮಾತ್ರ ಹೊರಬರುವ ಆ ಕ್ರಿಯೆ ಕಾಗದದ ಮೇಲೆ ಬಲು ಚಂದ. ಆದರೆ ಗ್ಲೋವ್‌ಬಾಕ್ಸ್ (ಗಾಳಿ, ತೇವ ತಾಕದಂತೆ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಇಲ್ಲದ ಲ್ಯಾಬಿನಲ್ಲಿ ಅದರ ಗೋಜಿಗೆ ಹೋಗಬೇಡಿ.