ಚೊಗರು ಮುಖ, ಕುತ್ತಿಗೆಗೆ ಹಾರಿದರೆ ಮೊದಲು ಏನು ಮಾಡಬೇಕು?

ತೋಟದಮನೆ, ಸಾಗರ:
ಅಡಿಕೆ ಕೊಯ್ಲು ಶುರುವಾಗುತ್ತಿದೆ. ಹಂಡೆಯಿಂದ ಬೆಂದ ಅಡಿಕೆ ತೆಗೆಯುವಾಗ ಕುದಿಯುವ ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಮುಖಕ್ಕೋ ಕುತ್ತಿಗೆಗೋ ಹಾರಿದರೆ ಏನು ಮಾಡಬೇಕು? ಸುಣ್ಣದ ತಿಳಿಗೆ ಕೊಬ್ಬರಿ ಎಣ್ಣೆ ಕಲಸಿ ಹಚ್ಚಿ ಅಂತ ಒಬ್ಬರು, ಟೂತ್‌ಪೇಸ್ಟ್ ಅಂತ ಇನ್ನೊಬ್ಬರು. ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಡಬೇಕು, ತಿಳಿದವರು ಬಿಡಿಸಿ ಹೇಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇಲ್ಲಿಂದ ಸುಮಾರು 70 ಕಿ.ಮೀ. ದೂರ ಆಗುತ್ತದೆ.

ಸ್ಟಾಫ್ ನರ್ಸ್, ಶಿವಮೊಗ್ಗ:
ನೀರು. 20 ನಿಮಿಷ, ಗಡಿಯಾರ ನೋಡಿಕೊಂಡು. ಉರಿ ಕಮ್ಮಿಯಾಯಿತು ಅಂತ ಐದು ನಿಮಿಷಕ್ಕೇ ನಿಲ್ಲಿಸುವವರೇ ಹೆಚ್ಚು. ಚರ್ಮದ ಮೇಲ್ಪದರ ತಣ್ಣಗಾದರೂ ಒಳಗೆ ಕಾವು ಉಳಿದು ಸುಡುತ್ತಲೇ ಇರುತ್ತದೆ. ತಡವಾಗಿದ್ದರೂ ಮೂರು ಗಂಟೆಯೊಳಗೆ ನೀರು ಹಾಕಿದರೆ ಪ್ರಯೋಜನ ಇದೆ.

ಕೂರಿಸಿ, ಹಣೆಯ ಮೇಲಿಂದ ಚೊಂಬಿನಲ್ಲಿ ಸಣ್ಣ ಧಾರೆಯಾಗಿ ಹುಯ್ಯಿರಿ, ಮೂಗು-ಬಾಯಿಗೆ ನುಗ್ಗಬಾರದು. ಕುತ್ತಿಗೆಗೆ ಒದ್ದೆ ಬೈರಾಸ ಹಾಕಬಹುದು, ಆದರೆ ಬಟ್ಟೆ ಬೇಗ ಬಿಸಿಯಾಗುತ್ತದೆ, ನಿಮಿಷಕ್ಕೊಮ್ಮೆ ಅದ್ದಿ ಹಾಕಿ. ಬಾವಿ ನೀರು ಸಾಕು, ಐಸ್ ಬೇಡವೇ ಬೇಡ: ರಕ್ತನಾಳ ಬಿಗಿದು, ಉಳಿಯಬಹುದಾಗಿದ್ದ ಚರ್ಮವೂ ಸಾಯುತ್ತದೆ. ಮಕ್ಕಳಾದರೆ ಉಳಿದ ಮೈಗೆ ಕಂಬಳಿ ಹೊದಿಸಿ. ಊದಿಕೊಳ್ಳುವ ಮೊದಲೇ ಓಲೆ, ಮೂಗುತಿ, ಸರ ಬಿಚ್ಚಿ.

ಸುಣ್ಣದ ತಿಳಿ ಕ್ಷಾರ. ಕಣ್ಣಿಗೆ ಇಳಿದರೆ ಅದೇ ಬೇರೊಂದು ಸುಟ್ಟಗಾಯ. ಪೇಸ್ಟ್, ಎಣ್ಣೆ, ಕಾಫಿಪುಡಿ ಏನನ್ನೂ ಹಚ್ಚಬೇಡಿ. ಚೊಗರಿನ ಕೆಂಪು ಬೇರೆ ಚರ್ಮಕ್ಕೆ ಹಿಡಿದಿರುತ್ತದೆ, ಗಾಯದ ಬಣ್ಣ ನೋಡಿ ಆಳ ಅಳೆಯುವುದೇ ಕಷ್ಟ. ವೈದ್ಯರಿಗೆ "ಇದು ಚೊಗರು" ಅಂತ ಮೊದಲೇ ಹೇಳಿ. ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗಿ ತಕ್ಷಣ ಕೆಂಪು ಮರಳಿದರೆ ಮೇಲಿನ ಗಾಯ. ಮೇಣದ ಹಾಗೆ ಬಿಳುಚಿ, ಮುಟ್ಟಿದರೂ ನೋವಿಲ್ಲ ಅಂದರೆ ಆಳದ್ದು. ನೋವಿಲ್ಲ ಅಂತ ಸಮಾಧಾನ ಪಡುವ ಹಾಗೇ ಇಲ್ಲ.

ತುರ್ತು ವಿಭಾಗದ ವೈದ್ಯ:
ಕಣ್ಣನ್ನು ಮೊದಲ ಗಂಟೆಯಲ್ಲೇ ತೋರಿಸಿ. ರೆಪ್ಪೆ ಊದಿ ಮುಚ್ಚಿಕೊಂಡ ಮೇಲೆ ಬಿಡಿಸಿ ನೋಡುವುದು ಬಹಳ ಕಷ್ಟ.

ಗ್ಯಾಸ್ ಹೊತ್ತಿಕೊಂಡದ್ದೋ, ಮುಚ್ಚಿದ ಬಚ್ಚಲುಮನೆಯಲ್ಲಿ ಹೊಗೆ ಕುಡಿದದ್ದೋ ಆದರೆ ಲೆಕ್ಕವೇ ಬೇರೆ. ಮೂಗಿನ ಕೂದಲು ಕರಕಲು, ಕಫದಲ್ಲಿ ಮಸಿ, ಒಡೆದ ದನಿ, ಉಸಿರೆಳೆದಾಗ ಸುಯ್ ಎನ್ನುವ ಸದ್ದು: ಇವುಗಳಲ್ಲಿ ಒಂದಿದ್ದರೂ ಗಂಟಲು ಊದುತ್ತಿದೆ ಎಂದೇ ತಿಳಿಯಿರಿ. ಈ ಊತ 24 ಗಂಟೆಯವರೆಗೂ ಏರುತ್ತದೆ. ಬೆಳಿಗ್ಗೆ ಮಾತಾಡುತ್ತಿದ್ದವರಿಗೆ ಸಂಜೆ ಉಸಿರು ಕಟ್ಟಬಹುದು. ಅಂಥವರನ್ನು ಶಿವಮೊಗ್ಗಕ್ಕೆ ನೇರ ಓಡಿಸಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿಸಿ, ಬೇಕಾದರೆ ಗಂಟಲಿಗೆ ನಳಿಕೆ ಹಾಕಿಸಿಕೊಂಡೇ ಮುಂದೆ ಹೊರಡಿ. ದಾರಿಯಲ್ಲಿ ಮಲಗಿಸದೆ ಕೂರಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ಹಿಡಿದ ರಕ್ತ ಎಂದೇ ಓದುತ್ತದೆ.

ದೊಡ್ಡವರಲ್ಲಿ ತಲೆ-ಕುತ್ತಿಗೆ ಸೇರಿ ಮೈಯ ಶೇ. 9, ವರ್ಷದ ಮಗುವಿನಲ್ಲಿ ಶೇ. 18. ಮಕ್ಕಳಲ್ಲಿ ಸುಟ್ಟಿದ್ದು ಶೇ. 10 ದಾಟಿದರೆ ಡ್ರಿಪ್ ಬೇಕಾಗುತ್ತದೆ. ಧನುರ್ವಾಯು ತಡೆಯುವ ಇಂಜೆಕ್ಷನ್ ಬಗ್ಗೆಯೂ ಕೇಳಿ.

ತೋಟದಮನೆ, ಸಾಗರ:
ಸುಣ್ಣದ ವಿಷಯ ಗೊತ್ತೇ ಇರಲಿಲ್ಲ. ಮನೆಗೆ ಬಂದ ಮೇಲೆ ಊತ ಇಳಿಯಲು ತಲೆ ಎತ್ತರಿಸಿ ಮಲಗಿಸಿ ಅನ್ನುತ್ತಾರಲ್ಲ, ಎರಡು ದಿಂಬು ಕೊಡಬಹುದೇ?

ಫಿಸಿಯೋ:
ಕುತ್ತಿಗೆ ಸುಟ್ಟಿದ್ದರೆ ಒಂದು ದಿಂಬೂ ಬೇಡ. ದಿಂಬು ಕೊಟ್ಟರೆ ಗದ್ದ ಎದೆಯ ಕಡೆ ಬಾಗುತ್ತದೆ, ಹಾಗೇ ಆರಿದ ಚರ್ಮ ಗದ್ದವನ್ನು ಕೆಳಗೇ ಎಳೆದು ಹಿಡಿಯುತ್ತದೆ. ಆಮೇಲೆ ಬಿಡಿಸಲು ಆಪರೇಷನ್ನೇ ಬೇಕಾಗಬಹುದು. ಮಂಚದ ತಲೆ ಕಡೆಯ ಎರಡೂ ಕಾಲಿಗೆ ಇಟ್ಟಿಗೆ ಕೊಡಿ. ಹೆಗಲ ಅಡಿಗೆ ಸುತ್ತಿದ ಬೈರಾಸ ಇಟ್ಟು ಗದ್ದ ಮೇಲಕ್ಕೆತ್ತಿದ ಹಾಗಿರಲಿ. ಕಿವಿ ಸುಟ್ಟಿದ್ದರೆ ಆ ಮಗ್ಗುಲಿಗೆ ಮಲಗಿಸಬೇಡಿ, ಒತ್ತಿದರೆ ಮೃದ್ವಸ್ಥಿಗೆ ರಕ್ತ ಹೋಗುವುದಿಲ್ಲ. ವಾರಗಳ ನಂತರವೂ ಕಿವಿ ಕೆಂಪಾಗಿ ಮುಟ್ಟಿದರೆ ನೋವು ಅಂದರೆ ಅವತ್ತೇ ತೋರಿಸಿ.

ಗಾಯ ಮೂರು ವಾರಕ್ಕೂ ಆರಿಲ್ಲ ಅಂದರೆ ಉಬ್ಬು ಕಲೆ ಏಳುವ ಸಂಭವ ಹೆಚ್ಚು. ಕಾಯುತ್ತಾ ಕೂರದೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ.