ಸಿಇಟಿ ಆಪ್ಷನ್ ಎಂಟ್ರಿ: ಪಟ್ಟಿಯಲ್ಲಿ ಕಾಲೇಜು ಮೇಲಿರಬೇಕೋ, ಬ್ರಾಂಚ್ ಮೇಲಿರಬೇಕೋ?

ಸಾಗರದ ಕಡೆಯವರು

ಮಗಳ ಇಂಜಿನಿಯರಿಂಗ್ ರ‍್ಯಾಂಕ್ 24 ಸಾವಿರದ ಆಸುಪಾಸು. 2ಎ (ಹಿಂದುಳಿದ ವರ್ಗ), ಗ್ರಾಮೀಣ ಕೋಟಾ ಇದೆ. ಓದಿದ್ದು ಇಂಗ್ಲಿಷ್ ಮಾಧ್ಯಮ, ಹಾಗಾಗಿ ಕನ್ನಡ ಮಾಧ್ಯಮದ ಕೋಟಾ ಇಲ್ಲ. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗೆ. ಅವಳಿಗೆ ಕಂಪ್ಯೂಟರ್ ಸೈನ್ಸ್ ಬೇಕು. ಅದು ಸಿಗಬಹುದು ಅನಿಸುವುದು ಬೆಂಗಳೂರಿನ ಹೊರವಲಯದ ಹೊಸ ಕಾಲೇಜುಗಳಲ್ಲಿ. ನಮ್ಮ ಮನಸ್ಸು ಹಾಸನದ ಮಲ್ನಾಡ್ ಕಾಲೇಜು ಅಥವಾ ದಾವಣಗೆರೆಯ ಯುಬಿಡಿಟಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಡೆಗಿದೆ. ಮೂರು ಪ್ರಶ್ನೆ:

ಸಿಗದ ಕಾಲೇಜನ್ನು ಮೊದಲ ನಂಬರಿಗೆ ಹಾಕಿದರೆ ಕೆಳಗಿನದ್ದೂ ಕೈತಪ್ಪುತ್ತದೆ ಅಂತ ಸೈಬರ್ ಸೆಂಟರ್‌ನವರು ಹೇಳುತ್ತಾರೆ, ನಿಜವೇ? ಹಿಂದಿನ ವರ್ಷದ ಕಟಾಫ್‌ನಲ್ಲಿ 2ಎಆರ್ (2ಎ ಗ್ರಾಮೀಣ) ಕಾಲಂ ಒಂದು ಕಡೆ 40 ಸಾವಿರ, ಪಕ್ಕದ ಬ್ರಾಂಚ್‌ಗೆ ಖಾಲಿ. ಇದನ್ನು ಹೇಗೆ ಓದುವುದು? ಎಲ್ಲ ಕಾಲೇಜಿನ ಬ್ರೋಷರ್‌ನಲ್ಲೂ ಪ್ಲೇಸ್‌ಮೆಂಟ್ ಭರ್ಜರಿ. ಇದರಲ್ಲಿ ಜೊಳ್ಳು ಯಾವುದು, ಕಾಳು ಯಾವುದು?

ಪಟ್ಟಿ ಪರಿಣತ

ಸೈಬರ್ ಸೆಂಟರ್‌ನವರು ಹೇಳಿದ್ದು ತಪ್ಪು. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸಾಫ್ಟ್‌ವೇರ್ ರ‍್ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು ಅವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುತ್ತದೆ. ಮೊದಲ ಆಪ್ಷನ್‌ನಲ್ಲಿ ಸೀಟಿಲ್ಲವೇ, ಎರಡನೆಯದು, ಅದೂ ಇಲ್ಲವೇ, ಮೂರನೆಯದು. ನಿಮ್ಮ ಮಗಳು ಒಂದು ಕಾಲೇಜನ್ನು 1ನೇ ನಂಬರಿಗೆ ಹಾಕಲಿ, 60ನೇ ನಂಬರಿಗೆ ಹಾಕಲಿ, ಒಂದೇ ಕೋಟಾದೊಳಗೆ ಆ ಸೀಟಿನ ಪೈಪೋಟಿ ನಡೆಯುವುದು ರ‍್ಯಾಂಕಿನ ಮೇಲೆ ಮಾತ್ರ. 30 ಸಾವಿರ ರ‍್ಯಾಂಕಿನವರು ಅದನ್ನೇ ಮೊದಲಿಗೆ ಹಾಕಿದ್ದಾರೆ ಅಂತ ಇವಳನ್ನು ದಾಟಿ ಹೋಗಲಾರರು.

ಇದರಿಂದ ಬರುವ ನಿಯಮ ಎರಡೇ. ಪಟ್ಟಿಯ ಕ್ರಮ ಅವಳ ನಿಜವಾದ ಇಷ್ಟದ ಕ್ರಮವಾಗಿರಲಿ, ಕಟಾಫ್ ಕ್ರಮವಲ್ಲ. ಸಿಕ್ಕರೂ ಹೋಗಲಾರೆವು ಅನ್ನುವ ಕಾಲೇಜು ಪಟ್ಟಿಯಲ್ಲೇ ಬೇಡ.

ಜನ ಎಡವುವುದು ಬೇರೆ ಕಡೆ. 10–12 ಆಪ್ಷನ್ ಕೊಟ್ಟು ನಿಲ್ಲಿಸುತ್ತಾರೆ, ಒಂದೂ ಸಿಗುವುದಿಲ್ಲ. ಸುತ್ತು ಶುರುವಾದ ಮೇಲೆ ಇದ್ದ ಆಪ್ಷನ್‌ಗಳನ್ನು ಅಳಿಸಬಹುದು, ಹಿಂದೆ ಮುಂದೆ ಮಾಡಬಹುದು; ಹೊಸದನ್ನು ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದ್ದರಿಂದ ಒಪ್ಪಬಹುದಾದ ಎಲ್ಲವನ್ನೂ ಮೊದಲೇ ತುಂಬಿ, 60–80 ಸಾಲಾದರೂ ಸರಿ. ಮೊದಲು ಕಾಗದದ ಮೇಲೆ ಬರೆದುಕೊಂಡು, ಕಾಲೇಜು ಕೋಡ್, ಕೋರ್ಸ್ ಕೋಡ್ ಎರಡನ್ನೂ ಎದುರಿಗಿಟ್ಟುಕೊಂಡು ಟೈಪ್ ಮಾಡಿ. ಹಳೆಯ ಕಾಲೇಜು ಕೆಲವದರಲ್ಲಿ ಅನುದಾನಿತ ಕೋರ್ಸ್, ಅನುದಾನರಹಿತ ಕೋರ್ಸ್ ಬೇರೆ ಬೇರೆ ಸಾಲಾಗಿ ಬರುತ್ತವೆ. ಒಂದೇ ಕ್ಯಾಂಪಸ್, ಶುಲ್ಕ ಮಾತ್ರ ತುಂಬಾ ಬೇರೆ.

ಮಾಕ್ (ಅಣಕು ಸೀಟು ಹಂಚಿಕೆ) ಫಲಿತಾಂಶ ಬಂದ ದಿನ ಸಿಹಿ ಹಂಚಬೇಡಿ. ಅದನ್ನು ನೋಡಿಯೇ ಎಲ್ಲರೂ ಪಟ್ಟಿ ತಿದ್ದುತ್ತಾರೆ, ಹಾಗಾಗಿ ನಿಜವಾದ ಸುತ್ತಿನಲ್ಲಿ ಲೆಕ್ಕ ಬದಲಾಗುತ್ತದೆ. ಮಾಕ್‌ನಲ್ಲಿ ಏನೂ ಸಿಗದಿದ್ದರೆ ಪಟ್ಟಿ ಗಿಡ್ಡವಾಗಿದೆ ಎಂದರ್ಥ, ಅಷ್ಟಕ್ಕೆ ಅದು ಉಪಯೋಗ.

ಲಾಗಿನ್‌ಗೆ ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಒಟಿಪಿ ಇನ್ನೊಬ್ಬರ ಫೋನಿಗೆ ಹೋಗುವಂತಿದ್ದರೆ ಕೊನೆಯ ದಿನ ಸಂಜೆ ಅವರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ರೋಸ್ಟರ್ ಲೆಕ್ಕ

ಎರಡನೇ ಪ್ರಶ್ನೆಗೆ. 2ಎಆರ್ ಕಾಲಂ ಯಾಕೆ ಹಾಗೆ ಕುಣಿಯುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಅಲ್ಪಸಂಖ್ಯಾತ ಸಂಸ್ಥೆಯಲ್ಲದ ಖಾಸಗಿ ಕಾಲೇಜಿನಲ್ಲಿ 60 ಸೀಟಿನ ಬ್ರಾಂಚ್ ಇದೆ ಅಂದುಕೊಳ್ಳಿ. ಕೆಇಎ ಪಾಲು ಸುಮಾರು ಶೇ 45, ಅಂದರೆ 27 ಸೀಟು. ಅದರಲ್ಲಿ 2ಎಗೆ ಶೇ 15, ಅಂದರೆ 4. ಆ ನಾಲ್ಕರಲ್ಲಿ ಗ್ರಾಮೀಣಕ್ಕೆ ಶೇ 15 ಎಂದರೆ 0.6 ಸೀಟು! ಹಾಗಾಗಿ ಒಂದು ಬ್ರಾಂಚ್‌ಗೆ ಒಂದು ಸೀಟು ಬೀಳುತ್ತದೆ, ಪಕ್ಕದ್ದಕ್ಕೆ ಬೀಳುವುದೇ ಇಲ್ಲ. ಇರುವ ಒಂದೇ ಸೀಟು ಯಾರಿಗೆ ಹೋಯಿತೋ ಅವರ ರ‍್ಯಾಂಕೇ ಆ ವರ್ಷದ ಕಟಾಫ್. ಅದನ್ನು ನಂಬಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ.

ನಂಬಬಹುದಾದದ್ದು 2ಎಜಿ (2ಎ ಸಾಮಾನ್ಯ) ಮತ್ತು ಜಿಎಂ (ಎಲ್ಲರಿಗೂ ತೆರೆದ ಜನರಲ್ ಮೆರಿಟ್) ಕಾಲಂ. ಅಲ್ಲಿ ಸೀಟು ಹೆಚ್ಚು, ಏರಿಳಿತ ಕಡಿಮೆ. ನಿಮ್ಮ ಮಗಳಿಗೆ ಜಿಎಂ, ಜಿಎಂಆರ್ (ಜನರಲ್ ಮೆರಿಟ್ ಗ್ರಾಮೀಣ), 2ಎಜಿ, 2ಎಆರ್ ನಾಲ್ಕೂ ಬಾಗಿಲು ತೆರೆದಿವೆ. ಮೂರು ವರ್ಷದ ಕಟಾಫ್ ಪಿಡಿಎಫ್ ಇಳಿಸಿಕೊಂಡು, ಮೊದಲ ಸುತ್ತಿನದ್ದು ಮತ್ತು ಕೊನೆಯ ಸುತ್ತಿನದ್ದು ಬೇರೆ ಬೇರೆ ಬರೆದುಕೊಳ್ಳಿ. 2ಎಜಿಯಲ್ಲಿ ಮೂರೂ ವರ್ಷ ಮೊದಲ ಸುತ್ತಿನಲ್ಲೇ ಕಟಾಫ್ 24 ಸಾವಿರವನ್ನು ದಾಟಿ ದೊಡ್ಡ ಸಂಖ್ಯೆಗೆ ಹೋಗಿದ್ದರೆ ಅದು ಗಟ್ಟಿ. ಕೊನೆಯ ಸುತ್ತಿನಲ್ಲಿ ಮಾತ್ರ ದಾಟಿದ್ದರೆ ಅದು ಕಾದು ನೋಡುವ ಸೀಟು.

ಇನ್ನೊಂದು ಮಾತು: 2024–25ರಿಂದ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಒಂದು ಬ್ರಾಂಚ್‌ನ ಸೀಟು ಮಿತಿ ತೆಗೆದಿದೆ. ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸಿಕೊಂಡ ಕಾಲೇಜಿನಲ್ಲಿ ಹಳೆಯ ಕಟಾಫ್ ಹೊಂದುವುದಿಲ್ಲ, ಈ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಕಾಲೇಜುವಾರು ಸೀಟಿನ ಪಟ್ಟಿ) ಪಕ್ಕದಲ್ಲಿಟ್ಟುಕೊಂಡೇ ಓದಿ. ಹೆಸರು ಬದಲಾದವನ್ನೂ ಗಮನಿಸಿ: ಹುಬ್ಬಳ್ಳಿಯ ಬಿವಿಬಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಮೈಸೂರಿನ ಎಸ್‌ಜೆಸಿಇ ಈಗ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದೊಳಗೆ. ಹಳೆಯ ಹೆಸರಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ.

ಆದಾಯ 8 ಲಕ್ಷದ ಒಳಗಿರುವುದರಿಂದ ಎಸ್‌ಎನ್‌ಕ್ಯೂಗೆ (ಆದಾಯ ಆಧಾರಿತ ಹೆಚ್ಚುವರಿ ಕೋಟಾ) ಅರ್ಹತೆ ಇದೆ. ಮಂಜೂರಾದ ಸೀಟಿನ ಮೇಲೆ ಹೆಚ್ಚುವರಿ ಶೇ 5, ಬೋಧನಾ ಶುಲ್ಕ ಮನ್ನಾ. ವಿಶ್ವವಿದ್ಯಾಲಯದ ಶುಲ್ಕ ವಗೈರೆ ಕಟ್ಟಲೇಬೇಕು. ಅರ್ಜಿಯಲ್ಲಿ ಕೇಳಿಕೊಂಡಿದ್ದೀರಾ ನೋಡಿ.

ಲ್ಯಾಬ್ ಬಾಗಿಲು

ಮೂರನೇ ಪ್ರಶ್ನೆಗೆ. ಪ್ಲೇಸ್‌ಮೆಂಟ್ ಬ್ರೋಷರ್ ಪಕ್ಕಕ್ಕಿಡಿ. ಕಾಲೇಜಿನ ವೆಬ್‌ಸೈಟ್‌ನಲ್ಲಿ ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರದ ಶ್ರೇಯಾಂಕ) ಎಂಬ ಕೊಂಡಿ ಇರುತ್ತದೆ, ಕೆಲವರು ಅದನ್ನು ಪುಟದ ಅಡಿಯಲ್ಲಿ ಅಡಗಿಸಿಟ್ಟಿರುತ್ತಾರೆ. ಅದರೊಳಗೆ ಅವರು ಕೇಂದ್ರಕ್ಕೆ ಸಲ್ಲಿಸಿದ ಪಿಡಿಎಫ್ ಸಿಗುತ್ತದೆ. ನೋಡಬೇಕಾದ ಕಾಲಂ ನಾಲ್ಕು: ಮೊದಲ ವರ್ಷಕ್ಕೆ ಸೇರಿದವರು, ನಿಗದಿತ ಅವಧಿಯಲ್ಲಿ ಪಾಸಾದವರು, ಕೆಲಸ ಸಿಕ್ಕವರು, ಅವರ ಮೀಡಿಯನ್ (ನಟ್ಟನಡುವಿನ) ಸಂಬಳ. 600 ಜನ ಸೇರಿ 380 ಜನ ಸರಿಯಾದ ಹೊತ್ತಿಗೆ ಪಾಸಾಗಿದ್ದರೆ, 'ಶೇ 90 ಪ್ಲೇಸ್‌ಮೆಂಟ್' ಎಂಬುದು ಆ 380ರಲ್ಲೋ, ಅದರಲ್ಲೂ ಹೆಸರು ನೋಂದಾಯಿಸಿದವರಲ್ಲೋ ಎಂದು ಕೇಳಿ. ಒಬ್ಬನಿಗೇ ಮೂರು ಆಫರ್ ಬಂದರೆ ಮೂರು ಎಂದು ಎಣಿಸುವುದು ಮಾಮೂಲಿ ಕೈಚಳಕ. ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬರದ್ದು, ಅದರಿಂದ ನಿಮಗೇನೂ ತಿಳಿಯುವುದಿಲ್ಲ.

ಅದೇ ಪಿಡಿಎಫ್‌ನ ಕೊನೆಯಲ್ಲಿ ಅಧ್ಯಾಪಕರ ಪಟ್ಟಿ, ಸೇರಿದ ದಿನಾಂಕದ ಸಮೇತ. ಅರ್ಧಕ್ಕರ್ಧ ಜನ ಸೇರಿ ಒಂದು ವರ್ಷವೂ ಆಗಿಲ್ಲ ಎಂದರೆ ಪಾಠ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. 20 ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕ ಎಂಬುದು ಎಐಸಿಟಿಇ ಲೆಕ್ಕ; ಸೀಟು ಏರಿಸಿಕೊಂಡ ಹೊಸ ಕಾಲೇಜುಗಳಲ್ಲಿ ಮೊದಲು ಬಿರುಕು ಬಿಡುವುದು ಇಲ್ಲೇ. ಗುಣಮಟ್ಟದ ಮಾನ್ಯತೆ ಎರಡು ಬಗೆ: ಎನ್‌ಬಿಎ ಮಾನ್ಯತೆ ಬ್ರಾಂಚ್‌ಗೆ, ನ್ಯಾಕ್ ಇಡೀ ಸಂಸ್ಥೆಗೆ. 'ನಮ್ಮದು ಎ ಪ್ಲಸ್' ಅಂದರೆ ನಿಮ್ಮ ಬ್ರಾಂಚ್‌ಗೆ ಎನ್‌ಬಿಎ ಇದೆಯೇ, ಯಾವ ವರ್ಷದವರೆಗೆ ಎಂದು ಮರುಪ್ರಶ್ನೆ ಹಾಕಿ.

ಬ್ರಾಂಚ್ ವಿಚಾರ. ಇಷ್ಟ ಯಾವುದು ಎಂಬುದು ಚರ್ಚೆಯಲ್ಲಿ ತೀರ್ಮಾನವಾಗುವುದಿಲ್ಲ. ಎರಡೂ ಬ್ರಾಂಚ್‌ಗೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇಟ್ಟಿರುವ ಮೂರನೇ ಸೆಮಿಸ್ಟರ್ ಪಠ್ಯಕ್ರಮ ಇಳಿಸಿ ಮಗಳ ಕೈಗೆ ಕೊಡಿ. 2022ರ ಸ್ಕೀಮಿನಲ್ಲಿ ಇದ್ದದ್ದು ಹೀಗೆ: ಕಂಪ್ಯೂಟರ್ ಸೈನ್ಸ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್. ಎಲೆಕ್ಟ್ರಾನಿಕ್ಸ್‌ನಲ್ಲಿ ನೆಟ್‌ವರ್ಕ್ ಅನಾಲಿಸಿಸ್, ವೆರಿಲಾಗ್ ಬಳಸಿ ಡಿಜಿಟಲ್ ಸಿಸ್ಟಮ್ ಡಿಸೈನ್. ಪಿಯುಸಿ ಭೌತಶಾಸ್ತ್ರದ ವಿದ್ಯುತ್ ಅಧ್ಯಾಯಗಳು ಅವಳಿಗೆ ಹಿಡಿಸದಿದ್ದರೆ, ಹಳೆಯ ಕಾಲೇಜು ಎಂಬ ಒಂದೇ ಕಾರಣಕ್ಕೆ ಎಲೆಕ್ಟ್ರಾನಿಕ್ಸ್‌ಗೆ ತಳ್ಳಬೇಡಿ. ಹಿಡಿಸಿದ್ದರೆ, ನನ್ನ ಮತ ಅಧ್ಯಾಪಕರು ನೆಲೆನಿಂತ ಹಳೆಯ ಕಾಲೇಜಿನ ಎಲೆಕ್ಟ್ರಾನಿಕ್ಸ್‌ಗೇ. ಅಲ್ಲಿಂದ ಸಾಫ್ಟ್‌ವೇರ್‌ಗೆ ಹೋಗುವ ದಾರಿ ಮುಚ್ಚಿಲ್ಲ. 'ಮೊದಲ ವರ್ಷ ಮುಗಿದ ಮೇಲೆ ಬ್ರಾಂಚ್ ಬದಲಿಸಿಕೊಡ್ತೀವಿ' ಎಂಬ ಮಾತಿನ ಮೇಲೆ ಮಾತ್ರ ಸೀಟು ಹಿಡಿಯಬೇಡಿ. ಸೀಟು ಖಾಲಿಯಾದರೆ ಮಾತ್ರ ಅದು ಸಾಧ್ಯ, ಕಂಪ್ಯೂಟರ್ ಸೈನ್ಸ್ ಖಾಲಿಯಾಗುವುದು ಅಪರೂಪ.

ಕಾಲೇಜು ನೋಡಲು ಭಾನುವಾರ ಹೋಗಬೇಡಿ. ತರಗತಿ ನಡೆಯುವ ದಿನ ಮಧ್ಯಾಹ್ನ 2ರ ಮೇಲೆ ಹೋಗಿ, ಲ್ಯಾಬ್ ನಡೆಯುತ್ತಿದೆಯೇ ನೋಡಿ. ಆರನೇ ಸೆಮಿಸ್ಟರ್‌ನವರು ಕ್ಯಾಂಟೀನಿನಲ್ಲಿ ಸಿಗುತ್ತಾರೆ. 'ನಿಮ್ಮ ಬ್ರಾಂಚ್‌ಗೆ ಈ ವರ್ಷ ಯಾವ ಕಂಪನಿ ಬಂತು, ಕಾಲೇಜು ವರ್ಷದ ನಡುವೆ ಬೇರೆ ಯಾವ ಹೆಸರಲ್ಲಿ ದುಡ್ಡು ಕಟ್ಟಿಸಿತು?' ಈ ಎರಡೇ ಪ್ರಶ್ನೆ ಸಾಕು.

ಸಾಗರದ ಕಡೆಯವರು

ಎಲ್ಲರಿಗೂ ಧನ್ಯವಾದ. ಪಠ್ಯಕ್ರಮ ಅವಳಿಗೆ ಕೊಟ್ಟಿದ್ದೇವೆ. ಒಂದು ಅನುಮಾನ ಉಳಿಯಿತು: ಮೊದಲ ಸುತ್ತಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕರೆ, ಸೀಟು ಸಿಕ್ಕವರಿಗೆ ಕೆಇಎ ಕೊಡುವ ನಾಲ್ಕು ಆಯ್ಕೆಗಳಲ್ಲಿ ಆಯ್ಕೆ 2 ಒತ್ತುವುದೋ, 3 ಒತ್ತುವುದೋ?

ಪಟ್ಟಿ ಪರಿಣತ

ಸಿಕ್ಕಿದ್ದಕ್ಕೆ ಹೋಗಲು ಮನಸ್ಸಿದ್ದರೆ 2. ಸೀಟು ಕೈಯಲ್ಲಿ ಉಳಿಯುತ್ತದೆ, ಪಟ್ಟಿಯಲ್ಲಿ ಅದಕ್ಕಿಂತ ಮೇಲಿದ್ದ ಆಪ್ಷನ್‌ಗಳು ಮಾತ್ರ ಮುಂದಿನ ಸುತ್ತಿಗೆ ಜೀವಂತ. 3 ಒತ್ತಿದರೆ ಈ ಸೀಟು ಹೋಯಿತು. ಮುಂದೆ ಏನೂ ಸಿಗದೆಯೂ ಇರಬಹುದು. 1 ಎಂದರೆ ಶುಲ್ಕ ಕಟ್ಟಿ ಸೇರಿಬಿಡುವುದು, 4 ಎಂದರೆ ಹೊರಗೆ. ಯಾವುದನ್ನೂ ಒತ್ತದೆ ಕೂತರೂ ಸೀಟು ಉಳಿಯುವುದಿಲ್ಲ.

2ರಲ್ಲಿ ಒಂದು ಅಪಾಯ ಇದೆ. ಮೇಲಿನ ಆಪ್ಷನ್ ಸಿಕ್ಕರೆ ಹಳೆಯ ಸೀಟು ತಾನಾಗಿ ರದ್ದು, ವಾಪಸ್ ಕೇಳಿದರೆ ಸಿಗದು. ಮೊದಲ ಸುತ್ತಿಗೂ ಎರಡನೆಯದಕ್ಕೂ ನಡುವೆ ನೀವು ಪಟ್ಟಿಯಲ್ಲಿ ಮೇಲಿಟ್ಟ ಬೆಂಗಳೂರಿನ ಹೊಸ ಕಾಲೇಜಿಗೆ ಹೋಗಿ ನೋಡಿ ಬಂದು, 'ಇದು ಬೇಡ' ಅನಿಸಿತು ಅನ್ನಿ. ಪಟ್ಟಿಯಿಂದ ಅದನ್ನು ಅಳಿಸದಿದ್ದರೆ ಎರಡನೇ ಸುತ್ತಿನಲ್ಲಿ ಅದೇ ಬಂದು ತಗಲಿಕೊಳ್ಳುತ್ತದೆ, ಹಾಸನ ಕೈಬಿಡುತ್ತದೆ. ಅಳಿಸಿದ ಮೇಲೆ ಪಟ್ಟಿಯ ಪ್ರಿಂಟ್ ತೆಗೆದು ಮತ್ತೊಮ್ಮೆ ಓದಿ.

ಆಯ್ಕೆ 2ಕ್ಕೆ ಮೊದಲೇ ಶುಲ್ಕ ಕಟ್ಟಬೇಕೇ ಎಂಬ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗಿದೆ, ಈ ಸಲದ ಸುತ್ತೋಲೆಯನ್ನೇ ನೋಡಿ. ಹಣ ಹೊಂದಿಸಿಟ್ಟುಕೊಂಡಿರಿ, ಕೊಡುವ ಗಡುವು ಕೆಲವೇ ದಿನ.

ರೋಸ್ಟರ್ ಲೆಕ್ಕ

ಗ್ರಾಮೀಣ ಕೋಟಾಕ್ಕೆ 1ರಿಂದ 10ರವರೆಗೆ ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೊಂದಿಗೆ. ನಡುವೆ ಶಾಲೆ ಬದಲಾಗಿದ್ದರೆ ಪ್ರತಿ ಶಾಲೆಯದ್ದೂ ಬೇರೆ. ಒಂದೇ ಒಂದು ವರ್ಷ ಸಾಗರ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಕೋಟಾ ಕೈತಪ್ಪುತ್ತದೆ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಜೊತೆ ಹೆಸರಿನ ಅಕ್ಷರವೂ ಅಂಕಪಟ್ಟಿಗೆ ತಾಳೆಯಾಗಬೇಕು, ಇಲ್ಲದಿದ್ದರೆ ನಾಡಕಚೇರಿಯಲ್ಲಿ ಈಗಲೇ ತಿದ್ದಿಸಿಕೊಳ್ಳಿ.